ಸರಾಸರಿಯ ಬೆನ್ನಿಗಿರುವ ಏರುಪೇರು

1979ರ ಏಪ್ರಿಲ್ ತಿಂಗಳ ಮಾತು. ಊದುಬತ್ತಿ ಮಾರುವ ಒಂದು ಸಂಸ್ಥೆಯಲ್ಲಿ ನಾನಾಗ ಲೆಕ್ಕದ ಗುಮಾಸ್ತನಾಗಿದ್ದೆ. ವರ್ಷದ ಲೆಕ್ಕ ಮುಗಿದ ಮೇಲೆ ಯಜಮಾನರ ಮೇಜಿಗೆ ಒಂದು ಹಾಳೆ ಹೋಗಬೇಕಾಗಿತ್ತು. ಬಯಲುಸೀಮೆ, ಕರಾವಳಿ, ಮಲೆನಾಡು ಎಂದು ಮೂರು ಪ್ರಾಂತಗಳು. ಒಂದೊಂದರಿಂದ ಐದೈದು ಸಗಟು ಅಂಗಡಿಗಳು. ಪ್ರತಿ ಅಂಗಡಿ ತಿಂಗಳೊಂದಕ್ಕೆ ಎಷ್ಟು ಪೆಟ್ಟಿಗೆ ಮಾಲು ಎತ್ತಿತೆಂಬ ಲೆಕ್ಕ. ಹದಿನೈದು ಅಂಕೆಗಳನ್ನು ಓದುವ ವ್ಯವಧಾನ ಯಜಮಾನರಿಗೆ ಇರಲಿಲ್ಲ. ಪ್ರಾಂತಕ್ಕೊಂದು ಸರಾಸರಿ ಸಾಕು ಎಂದಿದ್ದರು. ನಾನು ಭಾಗಾಕಾರ ಮಾಡಿ, ಬೆರಳಚ್ಚು ಮಾಡಿ, ಒಪ್ಪಿಸಿದೆ. ಬಯಲುಸೀಮೆ 30, ಕರಾವಳಿ 27, ಮಲೆನಾಡು 24. ಕೇಳದಿದ್ದರೂ ಉತ್ಸಾಹದಿಂದ ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಸ್ಥಾನವನ್ನೂ ಕಾಣಿಸಿದೆ.

ಮಲೆನಾಡಿನ ಮಾರಾಟ ಪ್ರತಿನಿಧಿ ನನಗಿಂತ ಇಪ್ಪತ್ತು ವರ್ಷ ಹಿರಿಯರು. ಆ ಸೀಮೆಯ ಅಂಗಡಿ ಅಂಗಡಿಗೂ ನಡೆದು ಬಲ್ಲವರು. ಹಾಳೆ ಮೇಲಕ್ಕೆ ಹೋದ ವಾರದೊಳಗೆ ಅವರನ್ನು ಆ ಕೆಲಸದಿಂದ ಬಿಡಿಸಿ ದೂರದ ಗೋದಾಮೊಂದಕ್ಕೆ ಹಾಕಿದರು. ಹೊರಡುವ ಮುನ್ನ ನನ್ನ ಮೇಜಿನ ಬಳಿ ಬಂದು, "ಲೆಕ್ಕ ತಪ್ಪಿಲ್ಲವಷ್ಟೆ?" ಎಂದು ಕೇಳಿದರು. ತಪ್ಪಿಲ್ಲ ಎಂದೆ. ತಪ್ಪಿರಲೂ ಇಲ್ಲ. ಐದು ಅಂಗಡಿಗಳ ಮೊತ್ತ 120; ಅದನ್ನು ಐದರಿಂದ ಭಾಗಿಸಿದರೆ 24.

ಆ ಹಾಳೆಯ ಕಾರ್ಬನ್ ಪ್ರತಿ, ಅದರ ಬೆನ್ನಿಗೆ ಅಂಗಡಿವಾರು ಅಂಕೆಗಳು, ಹೇಗೋ ನನ್ನ ಪೆಟ್ಟಿಗೆಯಲ್ಲಿ ಉಳಿದುಬಿಟ್ಟವು. ಆರೇಳು ವರ್ಷಗಳ ಅನಂತರ ಗ್ರಂಥಾಲಯವೊಂದರಲ್ಲಿ ಇಂಗ್ಲೆಂಡಿನ ರೊನಾಲ್ಡ್ ಫಿಷರ್ ಎಂಬುವರು 1925ರಲ್ಲಿ ಬರೆದ ಸಂಖ್ಯಾಶಾಸ್ತ್ರದ ಪುಸ್ತಕ ಕೈಗೆ ಬಂತು. ಹೊಲ, ಗೊಬ್ಬರ, ಆಲೂಗೆಡ್ಡೆಗಳ ಉದಾಹರಣೆಗಳು ತುಂಬಿದ್ದ ಆ ಪುಸ್ತಕಕ್ಕೂ ನನ್ನ ಊದುಬತ್ತಿಯ ಹಾಳೆಗೂ ಏನು ನಂಟು ಎಂಬುದನ್ನು ತಿಳಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಆ ನಂಟಿನ ಇತಿಹಾಸವನ್ನೇ ಈ ಹೊತ್ತು ತಮ್ಮ ಮುಂದಿಡುತ್ತಿದ್ದೇನೆ.

ಲಂಡನ್ನಿಗೆ ಉತ್ತರದಲ್ಲಿ, ಹಾರ್ಪೆಂಡೆನ್ ಎಂಬ ಊರಿನ ಬದಿಗೆ ರಾಥಮ್‌ಸ್ಟೆಡ್ ಎಂಬ ಜಮೀನಿದೆ. ಅದರ ಒಡೆಯ ಜಾನ್ ಬೆನೆಟ್ ಲಾಸ್ ಕೃತಕ ಗೊಬ್ಬರ ತಯಾರಿಸಿ ಮಾರಿ ಹಣ ಮಾಡಿದವರು. ತಮ್ಮ ಗೊಬ್ಬರ ನಿಜಕ್ಕೂ ಕೆಲಸ ಮಾಡುತ್ತದೆಯೆ ಎಂದು ನೋಡುವ ಹಟ ಅವರಿಗಿತ್ತು. ವ್ಯಾಪಾರಿಗಳಲ್ಲಿ ಇದು ಅಪರೂಪದ ಗುಣ. 1843ರಲ್ಲಿ ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನಶಾಸ್ತ್ರಜ್ಞರನ್ನು ಜೊತೆಗೆ ಇಟ್ಟುಕೊಂಡು ಪ್ರಯೋಗ ಪ್ರಾರಂಭಿಸಿದರು. ಬ್ರಾಡ್‌ಬಾಕ್ ಎಂಬ ಹೊಲವನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ, ಒಂದಕ್ಕೆ ಕೊಟ್ಟಿಗೆಯ ಗೊಬ್ಬರ, ಮತ್ತೊಂದಕ್ಕೆ ಏನೂ ಇಲ್ಲ, ಉಳಿದವಕ್ಕೆ ನಾನಾ ಬಗೆಯ ಲವಣಗಳು ಎಂದು ಗೊತ್ತುಮಾಡಿ, ವರ್ಷ ವರ್ಷವೂ ಗೋಧಿ ಬಿತ್ತಿ, ಬೆಳೆದುದನ್ನು ತೂಗಿ, ಬರೆದಿಟ್ಟರು. ಲಾಸ್ ತೀರಿದರು, ಗಿಲ್ಬರ್ಟ್ ತೀರಿದರು. ತೂಗುವುದು ಮಾತ್ರ ನಿಲ್ಲಲಿಲ್ಲ.

ಬರೆದಿಟ್ಟುದು ರಾಶಿಯಾಯಿತು, ಆದರೆ ಅದರಿಂದ ಏನು ತಿಳಿಯಬೇಕೆಂಬುದು ಸ್ಪಷ್ಟವಾಗಲಿಲ್ಲ. ಏಕೆಂದರೆ ನೆಲದ ಸ್ವಭಾವ ವಿಚಿತ್ರ. ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ದಿನದ ಬಿತ್ತನೆಯಾದರೂ ಪಕ್ಕಪಕ್ಕದ ಎರಡು ಮಡಿಗಳು ಒಂದೇ ತೂಕ ಕೊಡುವುದಿಲ್ಲ. ಒಂದರಲ್ಲಿ ನೀರು ನಿಲ್ಲುತ್ತದೆ, ಮತ್ತೊಂದರ ಮೇಲೆ ಮರದ ನೆರಳು ಬೀಳುತ್ತದೆ, ಮೂರನೆಯದರಲ್ಲಿ ಹಕ್ಕಿ ಹೆಚ್ಚು. ಹೀಗಿರುವಾಗ ಗೊಬ್ಬರ ಹಾಕಿದ ಮಡಿ ನಾಲ್ಕು ಸೇರು ಹೆಚ್ಚು ಕೊಟ್ಟರೆ ಅದು ಗೊಬ್ಬರದ ಮಹಿಮೆಯೊ ಮಣ್ಣಿನ ಲೀಲೆಯೊ? ಈ ಪ್ರಶ್ನೆಗೆ ಉತ್ತರ ಹುಡುಕಲು 1919ರಲ್ಲಿ ನಿರ್ದೇಶಕರಾಗಿದ್ದ ಜಾನ್ ರಸೆಲ್ ಅವರು ಇಪ್ಪತ್ತೊಂಬತ್ತು ವಯಸ್ಸಿನ ಫಿಷರರನ್ನು ತಾತ್ಕಾಲಿಕವಾಗಿ ಕರೆಸಿಕೊಂಡರು. ಆ ತಾತ್ಕಾಲಿಕ ಕೆಲಸ ಹದಿನಾಲ್ಕು ವರ್ಷ ನಡೆಯಿತು. ಹಳೆಯ ಕಡತಗಳೊಡನೆ ಕಳೆದ ಆ ದಿನಗಳನ್ನು ತಿಪ್ಪೆ ಕೆದಕುವುದಕ್ಕೆ ಹೋಲಿಸಿ ಫಿಷರ್ ಹಾಸ್ಯ ಮಾಡುತ್ತಿದ್ದರಂತೆ. ಗೊಬ್ಬರದ ಕಡತಗಳಿಗೆ ಆ ಹೋಲಿಕೆ ಸಲ್ಲತಕ್ಕದ್ದೇ.

ಫಿಷರ್ ಬಾಲ್ಯದಿಂದಲೂ ಮಂದದೃಷ್ಟಿಯವರು. ದೀಪದ ಬೆಳಕಿನಲ್ಲಿ ಓದಕೂಡದೆಂದು ವೈದ್ಯರ ಕಟ್ಟಳೆಯಾದುದರಿಂದ ಹ್ಯಾರೋ ಶಾಲೆಯಲ್ಲಿ ಸಂಜೆಯ ಗಣಿತಪಾಠವನ್ನು ಕಾಗದ, ಪೆನ್ಸಿಲುಗಳಿಲ್ಲದೆ ಬಾಯಿಮಾತಿನಲ್ಲೇ ಹೇಳಿಸಿಕೊಂಡರು. ಲೆಕ್ಕವನ್ನು ಮನಸ್ಸಿನಲ್ಲಿ ಚಿತ್ರವಾಗಿ ಕಾಣುವ ಶಕ್ತಿ ಅವರಿಗೆ ಹೀಗೆ ಬಂತೆನ್ನುತ್ತಾರೆ. ರಾಥಮ್‌ಸ್ಟೆಡ್‌ಗೆ ಬರುವ ಮುನ್ನವೇ, 1918ರಲ್ಲಿ, ಆನುವಂಶಿಕತೆಯನ್ನು ಕುರಿತ ಲೇಖನವೊಂದರಲ್ಲಿ ಅವರು 'ವೇರಿಯನ್ಸ್' ಎಂಬ ಮಾತನ್ನು ಚಲಾವಣೆಗೆ ತಂದಿದ್ದರು. ಸರಾಸರಿಯಿಂದ ಪ್ರತಿಯೊಂದು ಅಂಕೆಯೂ ಎಷ್ಟು ದೂರವಿದೆಯೆಂದು ನೋಡಿ, ಆ ದೂರಗಳನ್ನು ವರ್ಗ ಮಾಡಿ, ಅವುಗಳ ಸರಾಸರಿ ತೆಗೆದರೆ ಬರುವ ಮೊತ್ತವೇ ಅದು. ನಮ್ಮ ಮಾತಿನಲ್ಲಿ ಏರುಪೇರು ಎಂದರೆ ಸಾಕು. ಈ ಅಳತೆಗೆ ಒಂದು ಸೊಗಸಾದ ಗುಣವಿದೆ. ಬೇರೆ ಬೇರೆ ಕಾರಣಗಳಿಂದ ಬಂದ ಏರುಪೇರುಗಳನ್ನು ಪ್ರತ್ಯೇಕವಾಗಿ ಅಳೆದು ಕೂಡಿಸಿದರೆ ಒಟ್ಟು ಏರುಪೇರು ಸರಿಯಾಗಿ ಬರುತ್ತದೆ. ಲಂಬಕೋನ ತ್ರಿಭುಜದ ಎರಡು ಭುಜಗಳ ವರ್ಗ ಕೂಡಿದರೆ ಕರ್ಣದ ವರ್ಗವಾಗುತ್ತದೆಂದು ಶಾಲೆಯಲ್ಲಿ ಕಲಿತೆವಲ್ಲ, ಇದರ ಒಳಗುಟ್ಟೂ ಅದೇ. ಕೂಡಿಸಬಹುದಾದುದನ್ನು ವಿಂಗಡಿಸಲೂ ಬರುತ್ತದೆ. 'ಅನಾಲಿಸಿಸ್ ಆಫ್ ವೇರಿಯನ್ಸ್' ಎಂದು ಇಂದು ಜಗತ್ತೆಲ್ಲ ಕರೆಯುವ ವಿಧಾನ ಈ ವಿಂಗಡಣೆಯೇ.

1921ರಲ್ಲಿ ಫಿಷರ್ ಬ್ರಾಡ್‌ಬಾಕ್ ಹೊಲದ ಹಲವು ದಶಕಗಳ ಇಳುವರಿಯನ್ನು ಹೀಗೆ ಬಿಡಿಸಿ ನೋಡಿದರು. ಮಳೆ ಬಿಸಿಲುಗಳಿಂದ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಒಂದು ಪಾಲು; ನೆಲದ ಸಾರ ಕ್ರಮೇಣ ಕುಂದುವುದು ಇನ್ನೊಂದು ಪಾಲು. ಇವೆರಡನ್ನೂ ಕಳೆದ ಮೇಲೂ ನಿಧಾನವಾಗಿ ಏರಿ ಇಳಿಯುವ ಮೂರನೆಯದೊಂದು ಉಳಿಯಿತು. ಇದು ಕಳೆಯ ಕಾಟವಿರಬೇಕೆಂದು ಫಿಷರ್ ಶಂಕಿಸಿದರು. ಕಳೆ ಕೀಳುತ್ತಿದ್ದವರು ಊರಿನ ಹುಡುಗರು; 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಶಿಕ್ಷಣದ ಕಾನೂನುಗಳು ಬಂದು ಹುಡುಗರು ಶಾಲೆಗೆ ಹೋಗತೊಡಗಿದರು; ಹೊಲದಲ್ಲಿ ಕಳೆ ಬೆಳೆಯಿತು. ಪಾರ್ಲಿಮೆಂಟಿನಲ್ಲಿ ಆದ ಒಂದು ಕಾಯಿದೆಯ ನೆರಳನ್ನು ಗೋಧಿಯ ತೂಕದಲ್ಲಿ ಗುರುತಿಸಿದ ಈ ಪ್ರಸಂಗವನ್ನು ಓದಿದಾಗ, ಅಂಕೆಗಳ ಮೇಲೆ ನನಗಿದ್ದ ಗುಮಾಸ್ತಿಕೆಯ ತಾತ್ಸಾರ ಹೋಯಿತೆಂದೇ ಹೇಳಬೇಕು.

ಎರಡು ವರ್ಷಗಳ ಮೇಲೆ, 1923ರಲ್ಲಿ, ವಿನಿಫ್ರೆಡ್ ಮೆಕೆಂಜಿ ಎಂಬ ಸಹಾಯಕಿಯೊಡನೆ ಹನ್ನೆರಡು ತಳಿಯ ಆಲೂಗೆಡ್ಡೆಗಳನ್ನು ಕುರಿತು ಫಿಷರ್ ಬರೆದ ಲೇಖನದಲ್ಲಿ ಈ ವಿಂಗಡಣೆಯ ಕೋಷ್ಟಕ ಅಚ್ಚಾಗಿ ಕಾಣಿಸಿಕೊಂಡಿತು. ಸ್ವಾರಸ್ಯವೆಂದರೆ ಆ ಲೆಕ್ಕದಲ್ಲಿ ದೋಷವಿತ್ತು. ದೊಡ್ಡ ಮಡಿಗೆ ಹಾಕಿದ ಗೊಬ್ಬರವನ್ನೂ ಅದರೊಳಗಿನ ಸಣ್ಣ ಸಾಲಿಗೆ ಹಾಕಿದ ಗೊಬ್ಬರವನ್ನೂ ಒಂದೇ ಅಳತೆಗೋಲಿನಿಂದ ಪರೀಕ್ಷಿಸಿದ್ದರು. ಎರಡು ವರ್ಷಗಳಲ್ಲಿ ಹೊರಬಂದ ಪುಸ್ತಕದಲ್ಲಿ ಅದೇ ಆಲೂಗೆಡ್ಡೆಯ ಅಂಕೆಗಳನ್ನು ತೆಗೆದುಕೊಂಡು ಸರಿಯಾಗಿ ಮಾಡಿ ತೋರಿಸಿದರು. ಶಾಸ್ತ್ರ ಹುಟ್ಟಿದ್ದೇ ತಪ್ಪಿನೊಡನೆ.

ಈಗ ನನ್ನ ಹಾಳೆಗೆ ಬರುತ್ತೇನೆ. ಬಾನುಲಿಯಲ್ಲಿ ಅಂಕೆಗಳನ್ನು ಓದುವುದು ಕೇಳುವವರಿಗೆ ಶಿಕ್ಷೆಯೆಂದು ಬಲ್ಲೆ. ಆದರೂ ಈ ಹದಿನೈದನ್ನು ಮಾತ್ರ ಸಹಿಸಿಕೊಳ್ಳಬೇಕು. ಲೆಕ್ಕ ಸುಗಮವಾಗಲೆಂದು ಒಂದೆರಡು ಪೆಟ್ಟಿಗೆಗಳನ್ನು ಅತ್ತಿತ್ತ ಸರಿಹೊಂದಿಸಿದ್ದೇನೆ. ಬಯಲುಸೀಮೆಯ ಐದು ಅಂಗಡಿಗಳು 20, 35, 28, 41, 26. ಕರಾವಳಿಯವು 32, 18, 26, 37, 22. ಮಲೆನಾಡಿನವು 17, 39, 21, 30, 13. ಸರಾಸರಿಯನ್ನು ಮರೆತು ಬರಿಗಣ್ಣಿನಿಂದ ನೋಡಿದರೂ ಒಂದು ಸಂಗತಿ ಕಾಣುತ್ತದೆ. ಕೊನೆಯ ಸ್ಥಾನದ ಮಲೆನಾಡಿನಲ್ಲಿ 39 ಪೆಟ್ಟಿಗೆ ಎತ್ತಿದ ಅಂಗಡಿಯೊಂದಿದೆ. ಅದು ಕರಾವಳಿಯ ಐದನ್ನೂ ಬಯಲುಸೀಮೆಯ ನಾಲ್ಕನ್ನೂ ಮೀರಿಸಿದೆ. ಮೊದಲನೆಯ ಸ್ಥಾನದ ಬಯಲುಸೀಮೆಯಲ್ಲಿ ಬರಿಯ 20 ಪೆಟ್ಟಿಗೆಯ ಅಂಗಡಿಯೂ ಇದೆ.

ಫಿಷರ್ ಹೇಳಿದಂತೆ ಇದನ್ನು ಬಿಡಿಸೋಣ. ಒಟ್ಟು ಸರಾಸರಿ 27. ಹದಿನೈದು ಅಂಗಡಿಗಳೂ ಆ 27ರಿಂದ ಎಷ್ಟೆಷ್ಟು ದೂರವೆಂದು ವರ್ಗ ಮಾಡಿ ಕೂಡಿಸಿದರೆ 1028. ಇದು ಒಟ್ಟು ಏರುಪೇರು. ಇನ್ನು ಪ್ರತಿ ಅಂಗಡಿಯೂ ತನ್ನ ಪ್ರಾಂತದ ಸರಾಸರಿಯಿಂದಲೇ ಎಷ್ಟು ದೂರವೆಂದು ನೋಡಿದರೆ, ಬಯಲುಸೀಮೆಯೊಳಗೆ 266, ಕರಾವಳಿಯೊಳಗೆ 232, ಮಲೆನಾಡಿನೊಳಗೆ 440, ಕೂಡಿದರೆ 938. ಉಳಿದದ್ದು 90. ಪ್ರಾಂತ ಪ್ರಾಂತಗಳ ನಡುವಣ ಭೇದಕ್ಕೆ ಸಲ್ಲುವುದು ಈ 90 ಮಾತ್ರ. ಯಜಮಾನರು ಕಂಡದ್ದು ಈ 90ನ್ನು. ನಾನು ಭಾಗಾಕಾರದಿಂದ ಒರೆಸಿಹಾಕಿದ್ದು ಆ 938ನ್ನು.

ಆದರೆ ಇವೆರಡನ್ನೂ ಹಾಗೆಯೇ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ, ಏಕೆಂದರೆ ಒಂದು ಹದಿನೈದು ಅಂಗಡಿಗಳಿಂದ ಬಂದದ್ದು, ಇನ್ನೊಂದು ಮೂರೇ ಸರಾಸರಿಗಳಿಂದ. ಹದಿನೈದು ಅಂಕೆಗಳಲ್ಲಿ ಮೂರು ಸರಾಸರಿಗಳ ಸಾಲ ತೀರಿಸಿದರೆ 12 ಉಳಿಯುತ್ತವೆ. ಮೂರು ಸರಾಸರಿಗಳಲ್ಲಿ ಒಟ್ಟು ಸರಾಸರಿಯ ಸಾಲ ಒಂದನ್ನು ಕಳೆದರೆ 2. ಆದುದರಿಂದ 938ನ್ನು 12ರಿಂದ ಭಾಗಿಸಬೇಕು, ಸುಮಾರು 78 ಬರುತ್ತದೆ. 90ನ್ನು 2ರಿಂದ ಭಾಗಿಸಿದರೆ 45. ಪ್ರಾಂತಗಳ ನಡುವಣ 45 ಪ್ರಾಂತದೊಳಗಿನ 78ನ್ನು ಮುಟ್ಟಲೂ ಇಲ್ಲ, ಅನುಪಾತ 0.58. ಅಮೆರಿಕದ ಅಯೋವಾದಲ್ಲಿದ್ದ ಜಾರ್ಜ್ ಸ್ನೆಡೆಕರ್ ಎಂಬ ವಿದ್ವಾಂಸರು 1934ರಲ್ಲಿ ಈ ಅನುಪಾತಕ್ಕೆ ಫಿಷರರ ಗೌರವಾರ್ಥವಾಗಿ 'ಎಫ್' ಎಂದು ಹೆಸರಿಟ್ಟರು. ಪ್ರಾಂತಗಳ ನಡುವೆ ನಿಜವಾದ ಭೇದವೇ ಇಲ್ಲದಿದ್ದರೂ ಬರಿಯ ಆಕಸ್ಮಿಕದಿಂದ ಇಪ್ಪತ್ತರಲ್ಲಿ ಒಂದು ಸಲ ಅದು 3.89ನ್ನು ಮೀರಬಹುದೆಂದು ಕೋಷ್ಟಕ ಹೇಳುತ್ತದೆ. ಅದನ್ನು ಮೀರಿದ್ದರೆ ಸಂಶಯಪಡಲು ಕಾರಣವಿದೆ ಎನ್ನಬಹುದಾಗಿತ್ತು. ನನ್ನದು ಒಂದನ್ನೂ ದಾಟಲಿಲ್ಲ.

ಇದೇ ಮೂರು ಸರಾಸರಿಗಳು ಬೇರೆ ಬಗೆಯಲ್ಲಿ ಬಂದಿದ್ದರೆ? ಬಯಲುಸೀಮೆಯ ಅಂಗಡಿಗಳು 29, 30, 31, 30, 30 ಎಂದೂ, ಕರಾವಳಿಯವು 27, 28, 26, 27, 27 ಎಂದೂ, ಮಲೆನಾಡಿನವು 24, 23, 25, 24, 24 ಎಂದೂ ಇದ್ದಿದ್ದರೆ, ನಾನು ಬೆರಳಚ್ಚು ಮಾಡುತ್ತಿದ್ದ ಹಾಳೆಯಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಅದೇ 30, ಅದೇ 27, ಅದೇ 24. ಅನುಪಾತ ಮಾತ್ರ 0.58ರಿಂದ 90ಕ್ಕೆ ನೆಗೆಯುತ್ತಿತ್ತು. ಆಗ ಮಲೆನಾಡಿನಲ್ಲಿ ಏನೋ ಇದೆ, ವಿಚಾರಿಸಿ ನೋಡಿ ಎಂದು ಯಾರಾದರೂ ಹೇಳಬಹುದಾಗಿತ್ತು. ಎರಡು ಸರಾಸರಿಗಳ ಅಂತರ ದೊಡ್ಡದೊ ಚಿಕ್ಕದೊ ಎಂಬುದನ್ನು ಆ ಅಂತರ ತಾನೇ ಹೇಳಲಾರದು. ಅಂಗಡಿ ಅಂಗಡಿಗಳ ಏರುಪೇರನ್ನು ಕೇಳಿಯೇ ತಿಳಿಯಬೇಕು.

ಹೊಲದ ವಿದ್ಯೆ ವ್ಯಾಪಾರಕ್ಕೆ ಹೇಗೆ ಸಲ್ಲುತ್ತದೆಂದು ಕೆಲವರು ಹುಬ್ಬೇರಿಸಬಹುದು. ನಿಜವಾಗಿ ನೋಡಿದರೆ ಈ ವಿದ್ಯೆಯ ಒಂದು ಬೇರು ವ್ಯಾಪಾರದಲ್ಲೇ ಇದೆ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ 1899ರಲ್ಲಿ ಕೆಲಸಕ್ಕೆ ಸೇರಿದ ವಿಲಿಯಂ ಗಾಸೆಟ್ ಎಂಬುವರು ಫಿಷರರಿಗಿಂತ ಮುಂಚೆಯೇ ಈ ದಾರಿಯಲ್ಲಿ ನಡೆದಿದ್ದರು. ಕಾರ್ಖಾನೆಗೆ ಬೇಕಾದುದು ಒಳ್ಳೆಯ ಬಾರ್ಲಿ. ಐರ್ಲೆಂಡಿನ ಬೇರೆ ಬೇರೆ ಸೀಮೆಗಳ ರೈತರ ಹೊಲಗಳಲ್ಲಿ ಆರ್ಚರ್ ತಳಿ ಮೇಲೊ ಗೋಲ್ಡ್‌ಥಾರ್ಪ್ ತಳಿ ಮೇಲೊ ಎಂಬುದು ಪ್ರಶ್ನೆ. ಸಿಗುತ್ತಿದ್ದ ಅಂಕೆಗಳು ಕೆಲವೇ, ಆದರೆ ಅವುಗಳನ್ನು ನಂಬಿ ಕೊಳ್ಳಬೇಕಾದ ಧಾನ್ಯ ಅಪಾರ. ಕೈಬೆರಳೆಣಿಕೆಯ ಅಂಕೆಗಳಿಂದ ತೆಗೆದ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು 1908ರಲ್ಲಿ ಗಾಸೆಟ್ ಲೆಕ್ಕ ಹಾಕಿ ಪ್ರಕಟಿಸಿದರು. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಕಾರ್ಖಾನೆ ಬಿಡುತ್ತಿರಲಿಲ್ಲವಾಗಿ 'ಸ್ಟೂಡೆಂಟ್' ಎಂದು ಸಹಿ ಹಾಕಿದರು. ಜಗತ್ತಿನ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲೆಲ್ಲ ಆ 'ವಿದ್ಯಾರ್ಥಿ' ಇಂದಿಗೂ ಆ ಹೆಸರಿನಲ್ಲೇ ಇದ್ದಾರೆ. ಒಂದೇ ಊರಿನ ಪ್ರಯೋಗವನ್ನು ನಂಬದಿರಿ, ಹಲವು ಸೀಮೆಗಳಲ್ಲಿ ಮಾಡಿ ನೋಡಿ ಎಂಬುದು ಅವರ ನಿತ್ಯದ ಒತ್ತಾಯವಾಗಿತ್ತು.

ಗಾಸೆಟ್ ಮತ್ತು ಫಿಷರ್ ಸ್ನೇಹಿತರು, ಕೊನೆಯಲ್ಲಿ ಒಂದು ವಿಷಯಕ್ಕೆ ಜಗಳವಾಡಿದರು. ಯಾವ ಮಡಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು ಎಂದರು ಫಿಷರ್. ಅನುಭವಸ್ಥರು ಯೋಚಿಸಿ ಸಮವಾಗಿ ಹಂಚುವುದು ಲೇಸು ಎಂದರು ಗಾಸೆಟ್. 1937ರಲ್ಲಿ ಗಾಸೆಟ್ ತೀರಿಕೊಳ್ಳುವವರೆಗೂ ವಾದ ಮುಗಿಯಲಿಲ್ಲ. ನನಗೆ ಫಿಷರರ ಮಾತೇ ಸರಿಯೆಂದು ತೋರುತ್ತದೆ, ಚೀಟಿಗೆ ಪಕ್ಷಪಾತವಿಲ್ಲ. ಆದರೆ ವ್ಯಾಪಾರದ ಲೆಕ್ಕ ಎಡವುವುದೂ ಇಲ್ಲೇ. ಮಡಿಗೆ ಗೊಬ್ಬರವನ್ನು ಚೀಟಿ ಎತ್ತಿ ಹಾಕಬಹುದು. ಅಂಗಡಿಗೆ ಮಲೆನಾಡನ್ನು ಚೀಟಿ ಎತ್ತಿ ಕೊಡಲಾದೀತೆ? ಅಲ್ಲಿಯ ಮಳೆ, ಅಲ್ಲಿಯ ದಾರಿ, ಅಲ್ಲಿಯ ಜನರ ಕೈಯಲ್ಲಿ ಕಾಸು ಓಡಾಡುವ ಕಾಲ ಎಲ್ಲವೂ ಅಂಗಡಿಯ ಜೊತೆಗೇ ಬರುತ್ತವೆ. ಆದುದರಿಂದ ಅನುಪಾತ 90 ಬಂದಿದ್ದರೂ, ಪ್ರಾಂತಗಳ ನಡುವೆ ಭೇದವಿದೆ ಎಂದಷ್ಟೇ ಹೇಳಬಹುದಿತ್ತೇ ಹೊರತು, ಆ ಭೇದಕ್ಕೆ ಪ್ರತಿನಿಧಿಯೇ ಹೊಣೆ ಎಂದು ಹೇಳಬರುತ್ತಿರಲಿಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. 0.58 ಬಂತೆಂದು ಮೂರು ಪ್ರಾಂತಗಳೂ ಸಮಾನವೆಂದು ಸಿದ್ಧವಾಗಲಿಲ್ಲ. ನಮ್ಮಲ್ಲಿದ್ದ ಹದಿನೈದು ಅಂಕೆಗಳು ಭೇದವನ್ನು ತೋರಿಸಲು ಸಾಲವು ಎಂದಷ್ಟೇ ಅದರ ಅರ್ಥ. ಆ ಐದೈದು ಅಂಗಡಿಗಳನ್ನಾದರೂ ನಾನು ಆರಿಸಿದ್ದು ಹೇಗೆ? ಯಾರ ಚೀಟಿಗಳು ಹೊತ್ತಿಗೆ ಸರಿಯಾಗಿ ಟಪಾಲಿನಲ್ಲಿ ಬಂದವೋ ಅವರ ಅಂಗಡಿಗಳು!

ಈ ವಿದ್ಯೆ ನಮ್ಮ ದೇಶಕ್ಕೆ ಬಂದುದು ತಡವಾಗಿಯೇನೂ ಅಲ್ಲ. ಪ್ರಶಾಂತಚಂದ್ರ ಮಹಾಲನೋಬಿಸರು 1931ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನೂ 1933ರಲ್ಲಿ 'ಸಂಖ್ಯಾ' ಎಂಬ ಪತ್ರಿಕೆಯನ್ನೂ ಸ್ಥಾಪಿಸಿದರು. 1938ರ ಜನವರಿಯಲ್ಲಿ ಅಲ್ಲಿ ನಡೆದ ಮೊದಲನೆಯ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಫಿಷರರೇ ಬಂದು ಅಧ್ಯಕ್ಷತೆ ವಹಿಸಿದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದೆಂದರೆ ಅನೇಕ ವೇಳೆ ಶವಪರೀಕ್ಷೆಗೆ ಕರೆದಂತೆ ಎಂಬ ಅವರ ಪ್ರಸಿದ್ಧವಾದ ಮಾತು ಬಂದುದು ಆ ಭಾಷಣದಲ್ಲೇ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಕಲಕತ್ತೆಯ ಆ ಸಂಸ್ಥೆಯಲ್ಲಿ ಬೆಳೆದು, 1946ರಲ್ಲಿ ಕೇಂಬ್ರಿಜ್ಜಿಗೆ ಹೋಗಿ ಫಿಷರರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳನ್ನು ಅಳೆಯುವುದು ಅಲ್ಲಿ ಅವರ ಕೆಲಸ. ಒಂದಲ್ಲ, ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ಗುಂಪು ಗುಂಪುಗಳನ್ನು ಹೋಲಿಸುವ ವಿಧಾನಗಳಿಗೆ ಅವರು ಕೊಟ್ಟ ರೂಪ ಇಂದು ಎಲ್ಲೆಡೆ ಬಳಕೆಯಲ್ಲಿದೆ. 2023ರ ಆಗಸ್ಟಿನಲ್ಲಿ, ನೂರಾಮೂರನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ, ಅವರು ತೀರಿಕೊಂಡರು.

ಫಿಷರರನ್ನು ಇಷ್ಟೆಲ್ಲ ಹೊಗಳಿ ಒಂದು ಮಾತನ್ನು ಮುಚ್ಚಿಡಲಾರೆ. ಮಡಿಗಳ ವಿಷಯದಲ್ಲಿ ಇಷ್ಟು ಎಚ್ಚರದಿಂದಿದ್ದ ಅವರು ಮನುಷ್ಯರ ವಿಷಯದಲ್ಲಿ ಹಾಗಿರಲಿಲ್ಲ. ಉತ್ತಮ ವಂಶ, ಕನಿಷ್ಠ ವಂಶ ಎಂದು ಜನರನ್ನು ವಿಂಗಡಿಸಿ ಸಂತಾನವನ್ನು ನಿಯಂತ್ರಿಸಬೇಕೆಂಬ ವಾದವನ್ನು ಅವರು ಬದುಕಿನುದ್ದಕ್ಕೂ ಎತ್ತಿಹಿಡಿದರು. ಅವರ ಸ್ಮರಣೆಗೆಂದು ಕೇಂಬ್ರಿಜ್ಜಿನ ಕೀಸ್ ಕಾಲೇಜಿನಲ್ಲಿ ಇಟ್ಟಿದ್ದ ಬಣ್ಣಗಾಜಿನ ಕಿಟಕಿಯನ್ನು ಈ ಕಾರಣಕ್ಕಾಗಿಯೇ 2020ರಲ್ಲಿ ತೆಗೆಯಲು ತೀರ್ಮಾನಿಸಿದರು. ಅವರ ಕೋಷ್ಟಕವನ್ನು ಬಿಡಿಸುವಾಗಲೆಲ್ಲ ನನಗೆ ಆ ಖಾಲಿ ಕಿಟಕಿಯ ನೆನಪಾಗುತ್ತದೆ.

ಲೆಕ್ಕವನ್ನು ಪೂರ್ತಿಯಾಗಿ ಮಾಡಿ ಮುಗಿಸಿದ್ದು 1986ರಲ್ಲಿ. ಅದೇ ವರ್ಷ ಒಂದು ಮದುವೆಯ ಮನೆಯಲ್ಲಿ ಆ ಹಿರಿಯರು ಸಿಕ್ಕರು. ಕೆಲಸದಿಂದ ನಿವೃತ್ತರಾಗಿ ಊರಿನಲ್ಲಿದ್ದರು. ನನ್ನ ಜೇಬಿನಲ್ಲಿ ಹಾಳೆಯಿತ್ತು. ಊಟದ ಪಂಕ್ತಿಗೆ ಕಾಯುತ್ತ ಕೂತಾಗ ಹೊರತೆಗೆದು 90, 938 ಎಂದೆಲ್ಲ ವಿವರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕೇಳಿದರು. ಅನುಪಾತದ ಬಗ್ಗೆ ಏನೂ ಹೇಳಲಿಲ್ಲ. ಮಲೆನಾಡಿನ ಸಾಲಿನ ಕೊನೆಯ ಅಂಕೆಯ ಮೇಲೆ ಬೆರಳಿಟ್ಟು, "ಈ 13 ಉಂಟಲ್ಲ ಮಾರಾಯರೆ," ಎಂದರು, "ಆ ವರ್ಷ ಆ ಅಂಗಡಿಯವರ ಮಗ ಹೊಳೆಗೆ ಬಿದ್ದು ಹೋದ. ಮೂರು ತಿಂಗಳು ಬಾಗಿಲು ತೆಗೆದಿರಲಿಲ್ಲ. ನಾನೇ ಹೋಗಿ ಕೂತು ತೆಗೆಸಿದ್ದು." ಬೆರಳು ಹಿಂದಕ್ಕೆ ಸರಿಯಿತು. "ಈ 39 ಯಾರದ್ದು ಗೊತ್ತುಂಟೊ? ಅವರದ್ದೇ ತಮ್ಮನ ಅಂಗಡಿ. ಅಣ್ಣನ ಗಿರಾಕಿಗಳೆಲ್ಲ ಅಲ್ಲಿಗೇ ಹೋದದ್ದು."

ಪಂಕ್ತಿಗೆ ಕರೆ ಬಂತು. ಅವರು ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಎದ್ದರು.